ಹಾಲ್ ಆಫ್ ಫೇಮ್ ವಾದಕ್ಕೆ ಇಳಿಯುವ ಮುಂಚೆ, ರೂಮ್ ಬುಕ್ ಮಾಡುವ ಮುಂಚೆ

ಅಮೆರಿಕಕ್ಕೆ ಬಂದ ನಮ್ಮವರಿಗೆ ಬೇಸ್‌ಬಾಲ್ ಅರ್ಥವಾಗಲು ಎರಡು ಬೇಸಿಗೆ ಸಾಕು. ಕ್ರಿಕೆಟ್ ನೋಡಿ ಬೆಳೆದವರಿಗೆ ಅದೇನು ಬ್ರಹ್ಮವಿದ್ಯೆಯಲ್ಲ. ಹಾಗಾಗಿ ಆಟದ ನಿಯಮ ಇಲ್ಲಿ ಹೇಳುವುದಿಲ್ಲ. ಆದರೆ ಮೂರನೇ ಬೇಸಿಗೆಗೆ ಒಂದು ಹೊಸ ಚಟ ಹತ್ತುತ್ತದೆ. ಯಾವ ಹಳೆಯ ಆಟಗಾರನಿಗೆ ಹಾಲ್ ಆಫ್ ಫೇಮ್, ಅಂದರೆ ಬೇಸ್‌ಬಾಲ್ ದಿಗ್ಗಜರ ಗೌರವ ಮಂದಿರದಲ್ಲಿ ಜಾಗ, ಸಿಗಬೇಕಿತ್ತು, ಯಾರಿಗೆ ಅನ್ಯಾಯವಾಯಿತು ಎಂಬ ವಾದ. ಎಡವುವುದು ಅಲ್ಲಿ.

ಕಳೆದ ತಿಂಗಳು ಊಟಕ್ಕೆ ಕೂತಾಗ, ನಮ್ಮ ಟೀಮಿಗೆ ಹೊಸದಾಗಿ ಸೇರಿದ ದಾವಣಗೆರೆಯ ಹುಡುಗ ಫೋನ್ ತೋರಿಸಿದ. "ಅಣ್ಣಾ, ಲೂ ವಿಟೇಕರ್‌ಗೆ ಜನವರಿಯಲ್ಲಿ ಆಗೇ ಆಗುತ್ತೆ. ಆನ್‌ಲೈನ್‌ನಲ್ಲಿ ಎಲ್ಲರೂ ಸಹಿ ಹಾಕ್ತಿದ್ದಾರೆ, ನೀವೂ ಹಾಕಿ." ಒಂದೇ ಉಸಿರಿನಲ್ಲಿ ಎರಡು ತಪ್ಪು. ಡೆಟ್ರಾಯ್ಟ್ ತಂಡದ ಹಳೆಯ ಆಟಗಾರ ವಿಟೇಕರ್ ಪಾಲಿಗೆ ಜನವರಿಯ ಬಾಗಿಲು 2001ರಲ್ಲೇ ಮುಚ್ಚಿದೆ. ಇನ್ನು ಅಭಿಮಾನಿಗಳ ಸಹಿಗೆ ಇಲ್ಲಿ ಮೂರು ಕಾಸಿನ ಬೆಲೆಯೂ ಇಲ್ಲ. ನಗಲು ನನಗೆ ಮುಖವಿರಲಿಲ್ಲ. ಇದೇ ಮನುಷ್ಯನ ಹೆಸರಲ್ಲಿ ನಾನು 2019ರಲ್ಲಿ ದುಡ್ಡು ಕಳೆದುಕೊಂಡವನು.

ಒಳಗೆ ಹೋಗಲು ಎರಡು ಬಾಗಿಲಿವೆ. ಇದನ್ನು ಮೊದಲು ತಲೆಗೆ ಹಾಕಿಕೊಳ್ಳಿ.

ಮುಂಬಾಗಿಲು ಪತ್ರಕರ್ತರದು. ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ ಹತ್ತು ವರ್ಷ ಇದ್ದವರಿಗೆ ಮತ ಹಾಕುವ ಹಕ್ಕು. ಆಟಗಾರ ಹತ್ತು ಸೀಸನ್ ಆಡಿರಬೇಕು, ನಿವೃತ್ತಿಯಾಗಿ ಐದು ವರ್ಷ ಕಳೆದಿರಬೇಕು. ಒಬ್ಬ ಬರಹಗಾರ ಹೆಚ್ಚೆಂದರೆ ಹತ್ತು ಹೆಸರಿಗೆ ಗುರುತು ಹಾಕಬಹುದು. ಶೇಕಡಾ 75 ಬಂದರೆ ಒಳಗೆ. ಬರದಿದ್ದರೆ ಮುಂದಿನ ವರ್ಷ ಮತ್ತೆ ಹೆಸರಿರುತ್ತದೆ. ಹೀಗೆ ಹತ್ತು ವರ್ಷ. 2014ಕ್ಕೆ ಮುಂಚೆ ಇದು ಹದಿನೈದು ವರ್ಷ ಇತ್ತು. ಫಲಿತಾಂಶ ಜನವರಿಯಲ್ಲಿ.

ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ. ಹೊಸಬರಿಗೆ ಹೇಳದೆ ಬಿಡುವುದು ಶೇಕಡಾ 5ರ ಕತ್ತರಿ. ಅದಕ್ಕಿಂತ ಕಡಿಮೆ ಬಂತೋ, ಮೊದಲ ವರ್ಷವೇ ಹೆಸರು ಕಿತ್ತುಹೋಗುತ್ತದೆ. ಮುಂಬಾಗಿಲಿಗೆ ಮತ್ತೆ ಬರುವ ಹಾಗಿಲ್ಲ.

ವಿಟೇಕರ್‌ಗೆ ಆದದ್ದು ಇದೇ. ಡೆಟ್ರಾಯ್ಟ್ ಟೈಗರ್ಸ್ ತಂಡದಲ್ಲಿ ಎರಡನೇ ಬೇಸ್ ಕಾಯುತ್ತಿದ್ದ ಆತ, ಪಕ್ಕದಲ್ಲಿ ಶಾರ್ಟ್‌ಸ್ಟಾಪ್ ಆಲನ್ ಟ್ರಾಮೆಲ್. ಇಬ್ಬರೂ 1977ರ ಸೆಪ್ಟೆಂಬರ್ 9ರಂದು, ಒಂದೇ ಪಂದ್ಯದಲ್ಲಿ ದೊಡ್ಡ ಲೀಗಿಗೆ ಕಾಲಿಟ್ಟರು. ಹತ್ತೊಂಬತ್ತು ಸೀಸನ್ ಅಕ್ಕಪಕ್ಕ ನಿಂತು ಆಡಿದರು. 1984ರ ವರ್ಲ್ಡ್ ಸೀರೀಸ್ ಗೆದ್ದರು. ನಮ್ಮ ಪ್ರಸನ್ನ, ಚಂದ್ರಶೇಖರ್ ಜೋಡಿಯಲ್ಲಿ ಒಬ್ಬರಿಗೆ ಹಾರ ಹಾಕಿ ಇನ್ನೊಬ್ಬರನ್ನು ಗೇಟಿನ ಹೊರಗೆ ನಿಲ್ಲಿಸಿದರೆ ಹೇಗಿರುತ್ತದೆ, ಯೋಚಿಸಿ. 2001ರಲ್ಲಿ 515 ಬರಹಗಾರರು ಮತ ಹಾಕಿದರು. ವಿಟೇಕರ್‌ಗೆ ಬಿದ್ದದ್ದು 15. ಶೇಕಡಾ 2.9. ಇನ್ನು 11 ಮತ ಬಿದ್ದಿದ್ದರೆ ಮರುವರ್ಷಕ್ಕೆ ಉಳಿಯುತ್ತಿದ್ದ. ಮುಂದಿನ ವರ್ಷ ಪಟ್ಟಿಗೆ ಬಂದ ಟ್ರಾಮೆಲ್ ಕತ್ತರಿ ತಪ್ಪಿಸಿಕೊಂಡು ಹದಿನೈದು ವರ್ಷವೂ ಅಲ್ಲೇ ಇದ್ದ. ಗೆಲ್ಲಲಿಲ್ಲ, ಆದರೆ ಜನರ ಬಾಯಲ್ಲಿ ಹೆಸರು ಉಳಿಯಿತು. 2017ರ ಡಿಸೆಂಬರ್‌ನಲ್ಲಿ ಹಿಂಬಾಗಿಲಿನಿಂದ ಒಳಗೆ ಹೋದ.

ವಿಟೇಕರ್ ಮಾಡಿದ್ದು ಕಡಿಮೆಯೇ? 2,369 ಹಿಟ್, 244 ಹೋಮ್ ರನ್, ಒಳ್ಳೆಯ ಫೀಲ್ಡಿಂಗಿಗೆ ಕೊಡುವ ಗೋಲ್ಡ್ ಗ್ಲವ್ ಮೂರು. ಈಗ ಎಲ್ಲರೂ 'ವಾರ್' ಅನ್ನೋ ಲೆಕ್ಕ ನೋಡುತ್ತಾರೆ. ಸಾಧಾರಣ ಬದಲಿ ಆಟಗಾರನಿಗಿಂತ ಈತ ತಂಡಕ್ಕೆ ಎಷ್ಟು ಗೆಲುವು ಜಾಸ್ತಿ ತಂದ ಎಂಬ ಅಂದಾಜು ಅದು. ಅದರಲ್ಲಿ ಟ್ರಾಮೆಲ್ 70ರ ಆಸುಪಾಸು, ವಿಟೇಕರ್ 75ರ ಆಸುಪಾಸು. 2001ರಲ್ಲಿ ಆ ಲೆಕ್ಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಈಗ ಹಿಂಬಾಗಿಲು, ಅಂದರೆ ನನ್ನ ದುಡ್ಡು ಹೋದ ಜಾಗ.

ಬಿಟ್ಟುಹೋದವರನ್ನು ನೋಡಲು 16 ಜನರ ಸಮಿತಿಗಳಿವೆ. ಗೆಲ್ಲಲು 12 ಮತ ಬೇಕು. 2019ರ ನವೆಂಬರ್‌ನಲ್ಲಿ ಹತ್ತು ಜನರ ಪಟ್ಟಿ ಬಂತು, ಅದರಲ್ಲಿ ವಿಟೇಕರ್ ಹೆಸರು. ನಮ್ಮ ಡೆಟ್ರಾಯ್ಟಿನ ಹೀರೋ, ಜೊತೆಗಾರ ಎರಡು ವರ್ಷದ ಹಿಂದಷ್ಟೇ ಒಳಗೆ ಹೋಗಿದ್ದಾನೆ, ಇನ್ನೇನು ತಡೆ? ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನ್‌ನಲ್ಲಿ ಮುಂದಿನ ಜುಲೈ ಸಮಾರಂಭಕ್ಕೆಂದು ಒಂದು ಮನೆ ಹಿಡಿದೆ. ನಾಲ್ಕು ರಾತ್ರಿಗೆ 1,400 ಡಾಲರ್. ಕ್ಯಾನ್ಸಲ್ ಮಾಡಿದರೆ ಹಣ ವಾಪಸ್ ಇಲ್ಲ. ಹೆಂಡತಿ ಕೇಳಿದಳು, "ಫಲಿತಾಂಶ ಬಂದ ಮೇಲೆ ಬುಕ್ ಮಾಡಬಾರದಾ?" ಆಗ ರೂಮ್ ಸಿಗಲ್ಲ ಕಣೇ ಎಂದು ಜಾಣತನ ತೋರಿಸಿದೆ.

ನಾನು ಮಾಡದೆ ಬಿಟ್ಟದ್ದು ಮೂರನೇ ಕ್ಲಾಸಿನ ಗುಣಾಕಾರ. ಆಗ ಸಮಿತಿಯ ಪ್ರತಿ ಸದಸ್ಯ ನಾಲ್ಕು ಹೆಸರಿಗೆ ಮತ ಹಾಕಬಹುದಿತ್ತು. 16 ಸಲ 4, ಒಟ್ಟು 64 ಮತ. ಹತ್ತು ಜನಕ್ಕೆ ಸಮನಾಗಿ ಹಂಚಿದರೆ ತಲಾ ಆರು ಚಿಲ್ಲರೆ. ಒಬ್ಬ ಗೆಲ್ಲಲು ಅದರ ದುಪ್ಪಟ್ಟು ಎಳೆಯಬೇಕು. ಡಿಸೆಂಬರ್‌ನಲ್ಲಿ ಟೆಡ್ ಸಿಮನ್ಸ್‌ಗೆ 13, ಆಟಗಾರರ ಯೂನಿಯನ್ ಕಟ್ಟಿದ ಮಾರ್ವಿನ್ ಮಿಲ್ಲರ್‌ಗೆ 12 ಬಿತ್ತು. ವಿಟೇಕರ್‌ಗೆ ಆರು. ಆತನನ್ನು ಯಾರೂ ತಿರಸ್ಕರಿಸಲಿಲ್ಲ. ಮತಗಳೇ ಸಾಲಲಿಲ್ಲ.

ಅದರ ಮೇಲೆ ಕರೋನಾ ಬಂದು 2020ರ ಸಮಾರಂಭವೇ ರದ್ದಾಯಿತು. ಅದು ನಡೆದದ್ದು 2021ರ ಸೆಪ್ಟೆಂಬರ್ 8ಕ್ಕೆ, ಬುಧವಾರ. ಮನೆ ಮಾಲೀಕ ಅರ್ಧ ಹಣ ವಾಪಸ್ ಕೊಟ್ಟ, ಅದೂ ಹನ್ನೊಂದು ಇಮೇಲ್ ಆದ ಮೇಲೆ. ಮನೆಯಲ್ಲಿ ಆ ವರ್ಷದ ದೀಪಾವಳಿಗೆ ಸೀರೆ ಮಾತು ನಾನು ಎತ್ತಲಿಲ್ಲ.

ಈಗಿನ ಲೆಕ್ಕ ಇನ್ನೂ ಬಿಗಿ. ಪಟ್ಟಿಯಲ್ಲಿ ಎಂಟೇ ಹೆಸರು, ಸದಸ್ಯನಿಗೆ ಮೂರೇ ಮತ. 16 ಸಲ 3, ಬರೀ 48. ಆ ಎಂಟು ಹೆಸರು ಆರಿಸುವುದು ಹಿರಿಯ ಬರಹಗಾರರ ಒಂದು ಸಣ್ಣ ಗುಂಪು. ಸರದಿಯೂ ಮೂರು ವರ್ಷಕ್ಕೊಮ್ಮೆ. ಒಂದು ವರ್ಷ 1980ರ ನಂತರದ ಆಟಗಾರರು, ಮರುವರ್ಷ ಮ್ಯಾನೇಜರ್, ಅಂಪೈರ್ ಮುಂತಾದವರು, ಅದರ ಮುಂದಿನ ವರ್ಷ 1980ಕ್ಕೆ ಹಿಂದಿನವರು. ಹಳ್ಳಿ ಬಸ್ಸಿನ ಹಾಗೆ. ತಪ್ಪಿದರೆ ಮೂರು ವರ್ಷ ಸ್ಟಾಪಿನಲ್ಲೇ ನಿಂತಿರಬೇಕು. 2022 ಮತ್ತು 2025ರ ಬಸ್ಸಿನಲ್ಲಿ ವಿಟೇಕರ್‌ಗೆ ಸೀಟೇ ಕೊಡಲಿಲ್ಲ. 2025ರಲ್ಲಿ ಇನ್ನೊಂದು ಕಡ್ಡಿ ಇಟ್ಟರು. ಐದಕ್ಕಿಂತ ಕಡಿಮೆ ಮತ ಬಂದವನ ಹೆಸರನ್ನು ಮುಂದಿನ ಸರದಿಗೆ ಪರಿಗಣಿಸುವುದಿಲ್ಲ. ಎರಡು ಸಲ ಹಾಗಾದರೆ ಶಾಶ್ವತವಾಗಿ ಹೊರಗೆ.

ಆದ್ದರಿಂದ ಆಫೀಸಿನಲ್ಲಿ ವಾದಕ್ಕೆ ಇಳಿದಾಗ "ಇವನಿಗೆ ಯಾಕೆ ಕೊಟ್ಟಿಲ್ಲ?" ಅನ್ನಬೇಡಿ. ಯಾವ ಬಾಗಿಲು, ಯಾವ ವರ್ಷದ ಸರದಿ ಎಂದು ಕೇಳಿ. ಇಲ್ಲಿಯವರು ತಿರುಗಿ ನೋಡುತ್ತಾರೆ. ಕತ್ತರಿಗೆ ಸಿಕ್ಕ ಇನ್ನಿಬ್ಬರ ಹೆಸರು ಜೇಬಿನಲ್ಲಿರಲಿ. ಬಾಬಿ ಗ್ರಿಚ್, ಇವನೂ ಎರಡನೇ ಬೇಸಿನವನೇ, 1992ರಲ್ಲಿ ಶೇಕಡಾ 2.6. ಕೆನ್ನಿ ಲಾಫ್ಟನ್, 622 ಬೇಸ್ ಕದ್ದವನು, 2013ರಲ್ಲಿ ಶೇಕಡಾ 3.2. ತಮಾಷೆ ಅಂದರೆ ಆ ವರ್ಷ ಬರಹಗಾರರು ಯಾರನ್ನೂ ಆರಿಸಲೇ ಇಲ್ಲ. ಅದರ ಜೊತೆಗೆ ಲಾಫ್ಟನ್‌ನನ್ನೂ ಹೊರಗೆ ಹಾಕಿದರು.

ಬ್ಯಾರಿ ಬಾಂಡ್ಸ್ ಮತ್ತು ಸ್ಟೆರಾಯ್ಡ್ ವಿಷಯ ನೀವಾಗಿ ಎತ್ತಬೇಡಿ. ಊಟದ ಹೊತ್ತು ಪೂರ್ತಿ ಅದರಲ್ಲೇ ಮುಗಿಯುತ್ತದೆ. ಪೀಟ್ ರೋಸ್ ವಿಷಯವೂ ಹಾಗೇ. 4,256 ಹಿಟ್ ಹೊಡೆದವನು, ಬೆಟ್ಟಿಂಗ್‌ಗಾಗಿ 1989ರಲ್ಲಿ ನಿಷೇಧವಾಯಿತು. ನಿಷೇಧ ತೆಗೆದದ್ದು 2025ರಲ್ಲಿ, ಆತ ಸತ್ತ ಮರುವರ್ಷ. ಆತನ ಊರಾದ ಸಿನ್ಸಿನಾಟಿಯವರು ಆ ಹೆಸರು ಎತ್ತಿದರೆ ಸುಮ್ನೆ ತಲೆ ಆಡಿಸಿ.

ಯಾರ ಪದ್ಧತಿ ಒಳ್ಳೆಯದು ಎಂದು ನನ್ನನ್ನು ಕೇಳಿದರೆ, ಮುಂಬಾಗಿಲಿನ ಮಟ್ಟಿಗೆ ಇವರದ್ದೇ. ನಮ್ಮ ರಾಜ್ಯೋತ್ಸವ ಪ್ರಶಸ್ತಿ ರಾಜ್ಯಕ್ಕೆ ಎಷ್ಟು ವರ್ಷವೋ ಅಷ್ಟು ಜನಕ್ಕೆ. 2024ರಲ್ಲಿ 69. ಪಟ್ಟಿ ಬಂದ ದಿನ ಅರಳಿಕಟ್ಟೆಯಲ್ಲಿ ಮೊದಲ ಪ್ರಶ್ನೆ, "ಇವನಿಗೆ ಯಾರು ಹೇಳಿದ್ದು?" ಇಲ್ಲಿ ಯಾರೂ ಯೋಗ್ಯರಲ್ಲ ಅನ್ನಿಸಿದರೆ ಸೊನ್ನೆ. 2021ರಲ್ಲೂ ಬರಹಗಾರರು ಸೊನ್ನೆ ಕೊಟ್ಟರು. ಯಾರಿಗೆ ಎಷ್ಟು ಮತ ಎಂಬುದೂ ಬಹಿರಂಗ. ಆದರೆ ಹಿಂಬಾಗಿಲು ನನಗೆ ಹಿಡಿಸುವುದಿಲ್ಲ. ಸಮಿತಿಯಲ್ಲಿ ಯಾರು ಯಾರಿಗೆ ಹಾಕಿದರು ಎಂಬುದು ಗುಟ್ಟು. ಮೇಲಾಗಿ ಆ ನಿಧಾನ! ಹಳೆಯ ಆಟಗಾರ ಡಿಕ್ ಆಲನ್‌ಗೆ 2014ರಲ್ಲಿ ಒಂದೇ ಒಂದು ಮತದಿಂದ ಕೈತಪ್ಪಿತು. 2020ರ ಡಿಸೆಂಬರ್‌ನಲ್ಲಿ ನಡೆಯಬೇಕಿದ್ದ ಮತದಾನ ಕರೋನಾದಿಂದ ಮುಂದೆ ಹೋಯಿತು. ಅದೇ ತಿಂಗಳು ಆತ ತೀರಿಕೊಂಡ. 2021ರಲ್ಲಿ ಮತ್ತೆ ಒಂದು ಮತ ಕಡಿಮೆ. ಆರಿಸಿದ್ದು 2024ರಲ್ಲಿ. ಜೊತೆಗೆ ಆರಿಸಿದ ಡೇವ್ ಪಾರ್ಕರ್ ಸುದ್ದಿಯನ್ನಾದರೂ ಕೇಳಿದ. ಸಮಾರಂಭಕ್ಕೆ ಒಂದು ತಿಂಗಳಿರುವಾಗ ಹೋಗಿಬಿಟ್ಟ.

ಕೂಪರ್ಸ್‌ಟೌನ್‌ಗೆ ಹೋಗಲೇಬೇಕು ಅನ್ನುವವರಿಗೆ ಎರಡು ಮಾತು. ಅದು ನ್ಯೂಯಾರ್ಕ್ ರಾಜ್ಯ, ನ್ಯೂಯಾರ್ಕ್ ನಗರ ಅಲ್ಲ. ನಗರದಿಂದ ಕಾರಿನಲ್ಲಿ ನಾಲ್ಕು ಗಂಟೆ. ಮ್ಯಾನ್‌ಹಟನ್‌ನಲ್ಲಿ ರೂಮ್ ಮಾಡಿ, ಸಬ್‌ವೇ ಎಲ್ಲಿ ಸಿಗುತ್ತೆ ಎಂದು ನನಗೆ ಫೋನ್ ಮಾಡಿದವರಿದ್ದಾರೆ. ಡೆಟ್ರಾಯ್ಟ್‌ನಿಂದ ಹೊರಟರೆ ಜಿಪಿಎಸ್ ಕೆನಡಾ ದಾರಿ ತೋರಿಸುತ್ತದೆ. ಭಾರತದ ಪಾಸ್‌ಪೋರ್ಟ್ ಇದ್ದು ಕೆನಡಾ ವೀಸಾ ಇಲ್ಲದಿದ್ದರೆ ಒಹಾಯೋ ಸುತ್ತಿಕೊಂಡೇ ಹೋಗಿ. ಸಮಾರಂಭ ನೋಡಲು ಹುಲ್ಲಿನ ಮೇಲಿನ ಜಾಗ ಪುಕ್ಕಟೆ, ಕುರ್ಚಿ ನಿಮ್ಮದೇ ಒಯ್ಯಬೇಕು. ಊರು ಎರಡು ಸಾವಿರ ಜನರದ್ದೂ ಅಲ್ಲ. ಸುತ್ತಲಿನ ಊರಿನಲ್ಲಿ, ವಾಪಸ್ ಸಿಗುವ ದರದಲ್ಲಿ ಮಾತ್ರ ಬುಕ್ ಮಾಡಿ. ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ.

ದಾವಣಗೆರೆಯ ಹುಡುಗ ಇದೆಲ್ಲ ಕೇಳಿ ಬೆರಳು ಮಡಚಿ ಲೆಕ್ಕ ಹಾಕಿದ. "ಹಾಗಾದ್ರೆ ಮುಂದಿನ ಬಸ್ಸು 2028ರ ಡಿಸೆಂಬರ್‌ಗಾ ಅಣ್ಣಾ?" ಹೌದು, ಎಂಟು ಹೆಸರಲ್ಲಿ ಸೀಟು ಸಿಕ್ಕರೆ ಅಂದೆ. ವಿಟೇಕರ್‌ಗೆ ಆಗ 71 ತುಂಬಿರುತ್ತದೆ.