ಊಟದ ಸ್ಯಾಂಪಲ್: ಹಂಡೆಯಿಂದ ಬೇಡ, ಬಡಿಸುವ ಬಕೆಟ್‌ನಿಂದ ತೆಗೆಯಿರಿ

ಗದಗಿನ ಒಂದು ಮದುವೆ. ಮರುದಿನ ಬೀಗರ ಕಡೆಯ ಹತ್ತಾರು ಜನಕ್ಕೆ ವಾಂತಿ-ಭೇದಿ. ಕೇಟರಿಂಗ್ ಹುಡುಗ "ಸ್ಯಾಂಪಲ್ ಇಟ್ಟೇವ್ರೀ" ಅಂತ ಧೈರ್ಯದಿಂದ ಐಸ್‌ಕ್ರೀಂ ಡಬ್ಬಿಯೊಂದನ್ನು ತಂದ. ಊಟದಿಂದ ಯಾರಿಗಾದರೂ ತೊಂದರೆಯಾದರೆ ಲ್ಯಾಬಿನಲ್ಲಿ ಪರೀಕ್ಷಿಸಲೆಂದು ಎತ್ತಿಡುವ ಸ್ವಲ್ಪ ಊಟವೇ ಈ ಸ್ಯಾಂಪಲ್. ತೆಗೆದು ನೋಡಿದರೆ ಗೋಧಿ ಹುಗ್ಗಿ, ಅದರ ಮೇಲೆ ಎಣ್ಣೆಗಾಯಿ, ಪಕ್ಕದಲ್ಲಿ ಅನ್ನ, ಎಲ್ಲದರ ಮೇಲೂ ಸಾರು. ಇದರಲ್ಲಿ ಕೆಟ್ಟದ್ದು ಯಾವುದು ಅಂತ ಲ್ಯಾಬಿನವರು ಹೇಗೆ ಹೇಳಬೇಕು? ಅದಕ್ಕೇ ಕೇಟರಿಂಗ್ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಡಬ್ಬಿ. ಒಂದು ಪದಾರ್ಥಕ್ಕೆ ಒಂದು ಡಬ್ಬಿ. ಬಿಗಿ ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿಯೇ ನನಗಿಷ್ಟ. ಮುಚ್ಚಳದ ಸಮೇತ ಹತ್ತು ನಿಮಿಷ ನೀರಲ್ಲಿ ಕುದಿಸಿ, ಬೋರಲು ಹಾಕಿ ಒಣಗಿಸಿ. ಬಟ್ಟೆಯಿಂದ ಒರೆಸಬೇಡಿ, ಒರೆಸಿದರೆ ಕುದಿಸಿದ್ದೆಲ್ಲ ದಂಡ. ಮೆಡಿಕಲ್ ಶಾಪಿನ ಮೂತ್ರ ಪರೀಕ್ಷೆಯ ಡಬ್ಬಿ ಸ್ವಚ್ಛವೇನೋ ಹೌದು, ಆದರೆ ತೀರಾ ಸಣ್ಣದು. ಸುಮಾರು 200 ಗ್ರಾಂ ಹಿಡಿಯಬೇಕು.

ಲೇಬಲ್ ಅನ್ನು ಡಬ್ಬಿ ಖಾಲಿ ಇದ್ದಾಗಲೇ ಅಂಟಿಸಿ. ಫ್ರಿಜ್‌ನಿಂದ ತೆಗೆದ ತೇವದ ಡಬ್ಬಿಗೆ ಅದು ಹಿಡಿಯೋದಿಲ್ಲ. ಮುಚ್ಚಳದ ಮೇಲಂತೂ ಬರೆಯಲೇಬೇಡಿ. ಎರಡು ಡಬ್ಬಿ ಒಟ್ಟಿಗೆ ತೆಗೆದರೆ ಮುಚ್ಚಳ ಅದಲುಬದಲಾಗಿ ಕೋಸಂಬರಿ ಮೊಸರಾಗುತ್ತದೆ. ಪದಾರ್ಥ, ತಾರೀಖು, ತೆಗೆದ ಸಮಯ, ಎಷ್ಟನೇ ಪಂಕ್ತಿ, ತೆಗೆದವರ ಹೆಸರು: ಇಷ್ಟನ್ನು ಮಾರ್ಕರ್‌ನಿಂದ ಬರೆಯಿರಿ.

ಈಗ ಎಲ್ಲರೂ ಎಡವುವ ಜಾಗ. ಬೆಳಿಗ್ಗೆ ಅಡುಗೆ ಇಳಿಸಿದ ಕೂಡಲೇ ಹಂಡೆಯಿಂದ ಒಂದು ಸೌಟು ತೆಗೆದಿಟ್ಟು ಕೈ ತೊಳೆದುಕೊಳ್ಳುತ್ತಾರೆ. ಅದು ಕುದಿಯುತ್ತಿದ್ದ ಅಡುಗೆ, ಅದರಲ್ಲಿ ಏನು ಸಿಗುತ್ತದೆ? ಊಟ ಕೆಡುವುದು ಅದರ ನಂತರ. ಅನ್ನ ತಾಸುಗಟ್ಟಲೆ ಬುಟ್ಟಿಯಲ್ಲಿ ಬೆಚ್ಚಗೆ ಕೂತಿರುತ್ತದೆ. ಕುದಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಆಗ ಚಿಗುರುತ್ತವೆ. ಬಡಿಸುವವನ ಬೆರಳಿನ ಗಾಯ ಕೋಸಂಬರಿ ಬಕೆಟ್‌ಗೆ ತಾಗುವುದೂ ಆಗಲೇ. ಹಾಗಾಗಿ ಜನ ಉಂಡ ಬಕೆಟ್‌ನಿಂದಲೇ, ಜನ ಉಣ್ಣುವ ಹೊತ್ತಿಗೇ ತೆಗೆಯಿರಿ. ನಾನು ಎರಡು ಸಲ ತೆಗೆಸುತ್ತೇನೆ: ಮೊದಲ ಪಂಕ್ತಿಗೆ ಒಮ್ಮೆ, ಕೊನೆಯ ಪಂಕ್ತಿಗೆ ಒಮ್ಮೆ. ಜಾಸ್ತಿ ಆಯ್ತು ಅಂತ ಗೊಣಗುತ್ತಾರೆ. ಗೊಣಗಲಿ ಬಿಡಿ. ಒಂದೇ ಸಲ ಆಗೋದಾದರೆ ಕೊನೆಯದನ್ನೇ ತೆಗೆಯಿರಿ. ಪ್ರತಿ ಪದಾರ್ಥಕ್ಕೂ ಬೇರೆ ಕುದಿಸಿದ ಚಮಚ ಬೇಕು. ಸಾರಿನ ಸೌಟು ಮೊಸರಿಗೆ ಹೋಗಬಾರದು. ಬಕೆಟ್‌ನ ಮೇಲಷ್ಟೇ ಕೆರೆಯದೆ ನಡುವಿನಿಂದಲೂ, ತಳದಿಂದಲೂ ತೆಗೆಯಿರಿ.

ಹುಗ್ಗಿ, ಪಲ್ಯ, ಅನ್ನ ನೆನಪಿರುತ್ತವೆ. ಕುದಿಯದ ಪದಾರ್ಥಗಳೇ ಮರೆತುಹೋಗುತ್ತವೆ: ಮೊಸರು, ಕೋಸಂಬರಿ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ, ಮಜ್ಜಿಗೆಗೆ ಹಾಕಿದ ಐಸ್. ಕುಡಿಯುವ ನೀರಿಗೂ ಒಂದು ಬಾಟಲಿ ಇಡಿ. ಹೊರಗಿನಿಂದ ತರಿಸಿದ ಪೇಢೆಯದೂ ಸ್ಯಾಂಪಲ್ ಬೇಕು. ಹೊಟ್ಟೆ ಕೆಟ್ಟವರು ಬೈಯುವುದು ನಿಮ್ಮನ್ನೇ ಅಲ್ವಾ?

ಬಿಸಿ ಡಬ್ಬಿಯನ್ನು ಸೀದಾ ಫ್ರಿಜ್‌ಗೆ ತುರುಕಬೇಡಿ. ಐಸ್ ನೀರಿನ ಪಾತ್ರೆಯಲ್ಲಿ ಅರ್ಧ ತಾಸು ನಿಲ್ಲಿಸಿ, ನಂತರ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಡಿ. ಕಲ್ಯಾಣ ಮಂಟಪದ ಫ್ರಿಜ್ ನಂಬಬೇಡಿ. ಹೂವಿನ ಹಾರ, ಹಾಲು, ಯಾರದೋ ಇನ್ಸುಲಿನ್ ಎಲ್ಲ ಅಲ್ಲೇ ಇರುತ್ತವೆ, ನಿಮಿಷಕ್ಕೊಮ್ಮೆ ಬಾಗಿಲು ತೆಗೆಯುತ್ತಾರೆ, ಮೇಲೆ ಕರೆಂಟಿನ ಕಾಟ. ಐಸ್ ತುಂಬಿದ ಪೆಟ್ಟಿಗೆಯಲ್ಲಿ ಹಾಕಿ ನಿಮ್ಮ ಗೋಡೌನಿನ ಫ್ರಿಜ್‌ಗೆ ಒಯ್ಯಿರಿ. ಒಳಗೊಂದು ಥರ್ಮಾಮೀಟರ್ ಇರಲಿ. ಫ್ರಿಜ್‌ನ ಗುಂಡಿ ಮೇಲಿನ ಅಂಕಿ ಡಿಗ್ರಿ ಅಲ್ಲ! ಫ್ರೀಜರ್‌ಗೆ ಹಾಕಬೇಡಿ. ಕೆಲವು ಬ್ಯಾಕ್ಟೀರಿಯಾ ಅಲ್ಲಿ ಸತ್ತು, ಪರೀಕ್ಷೆಯಲ್ಲಿ ಸಿಗುವುದೇ ಇಲ್ಲ.

72 ತಾಸು ಇಡಿ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹೊಕ್ಕರೆ ಕೆಲವರಿಗೆ ಮೂರನೇ ದಿನ ಹೊಟ್ಟೆನೋವು ಶುರುವಾಗುತ್ತದೆ. ಒಂದು ದಿನಕ್ಕೇ ಎಸೆದವರ ಕೈಯಲ್ಲಿ ಆಗ ಏನೂ ಇರುವುದಿಲ್ಲ. ಯಾವ ದೂರೂ ಬರದಿದ್ದರೆ ನಾಲ್ಕನೇ ದಿನ ಚೆಲ್ಲಿ. ದೂರು ಬಂದರೆ ಮುಚ್ಚಳ ಮುಟ್ಟಬೇಡಿ. "ನೋಡೋಣ, ವಾಸನೆ ಬಂದಿದೆಯಾ" ಅಂತ ಬಾಯಿಗೆ ಹಾಕಿಕೊಂಡ ಅಡುಗೆಯವರೊಬ್ಬರನ್ನು ನಾನೇ ನೋಡಿದ್ದೇನೆ. ಡಬ್ಬಿ ಇದೆ ಅಂತ ಆಹಾರ ಸುರಕ್ಷತಾ ಅಧಿಕಾರಿಗೆ ಹೇಳಿ, ಹೇಗಿದೆಯೋ ಹಾಗೇ ತಂಪಾಗಿಟ್ಟು ಕೊಡಿ, ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.