ಫ್ಲ್ಯಾಟ್ ಟಿವಿಯ ಮುಂದೆ ಲೈಟ್‌ಗನ್ ಆಟ: ಮೊದಲು ನಿಲ್ಲುವ ಜಾಗ, ಆಮೇಲೆ ಗುರಿ

ಹಳೆಯ ಡಬ್ಬಾ ಟಿವಿಯಲ್ಲಿ ಬಾತುಕೋಳಿ ಹೊಡೆಯುತ್ತಿದ್ದ ಪ್ಲಾಸ್ಟಿಕ್ ಗನ್ನು ಈಗಿನ ಎಲ್‌ಇಡಿ ಟಿವಿಯ ಮುಂದೆ ಒಂದು ಹಕ್ಕಿಯನ್ನೂ ಉರುಳಿಸುವುದಿಲ್ಲ. ಗನ್ನು ಕೆಟ್ಟಿದೆ ಎಂದು ಬಿಚ್ಚಿ ನೋಡುವವರು ಬಹಳ, ಆದರೆ ಕೆಟ್ಟಿರುವುದಿಲ್ಲ. ಟ್ರಿಗರ್ ಎಳೆದ ಕೂಡಲೇ ಆಟ ಪರದೆಯನ್ನೆಲ್ಲ ಕಪ್ಪು ಮಾಡಿ, ಗುರಿ ಇರುವಲ್ಲಿ ಮಾತ್ರ ಒಂದು ಬಿಳಿ ಚೌಕ ಮಿನುಗಿಸುತ್ತದೆ. ನಳಿಗೆಯೊಳಗಿನ ಬೆಳಕು ಗ್ರಹಿಸುವ ಫೋಟೊಡಯೋಡ್ ಆ ಬಿಳುಪನ್ನು ಕಂಡರೆ ಗುರಿ ಬಿತ್ತು. ಪಿಕ್ಚರ್ ಟ್ಯೂಬಿನಲ್ಲಿ ಆ ಚೌಕ ತಕ್ಷಣ ಬರುತ್ತದೆ. ಫ್ಲ್ಯಾಟ್ ಟಿವಿ ಚಿತ್ರವನ್ನು ಸಂಸ್ಕರಿಸಿ ತೋರಿಸುವಷ್ಟರಲ್ಲಿ ಆಟ ಕಾಯುವ ಹೊತ್ತು ಮುಗಿದಿರುತ್ತದೆ. ಅದರ ಮೇಲೆ, ಆ ಗನ್ನಿನ ಸರ್ಕ್ಯೂಟು ಪಿಕ್ಚರ್ ಟ್ಯೂಬು ಗೆರೆ ಎಳೆಯುವ ಸುಮಾರು 15 ಕಿಲೋಹರ್ಟ್ಸ್ ಮಿಡಿತಕ್ಕೇ ಕಿವಿಗೊಟ್ಟಿರುತ್ತದೆ. ಫ್ಲ್ಯಾಟ್ ಟಿವಿಯ ಬೆಳಕಿನಲ್ಲಿ ಆ ಮಿಡಿತವೇ ಇಲ್ಲ. ಮೊದಲ ಪ್ಲೇಸ್ಟೇಷನ್ನಿನ ಗನ್ನಾದ ಗನ್‌ಕಾನ್ ಬೇರೆ ರೀತಿಯದ್ದಾದರೂ ಎಲೆಕ್ಟ್ರಾನ್ ಕಿರಣ ಹಾದುಹೋದ ಸಮಯವನ್ನೇ ಲೆಕ್ಕ ಹಾಕುವುದರಿಂದ ಅದರ ಪಾಡೂ ಇದೇ.

ಹಾಗಾಗಿ ಕೈಯ ಚಲನೆಯನ್ನು ಗ್ರಹಿಸುವ ಮೋಷನ್ ಕಂಟ್ರೋಲರ್. ನಾನು ನೆಚ್ಚಿಕೊಂಡಿರುವುದು 2006ರ ನಿಂಟೆಂಡೊ ವೀ ಎಂಬ ಆಟದ ಯಂತ್ರದ ರಿಮೋಟನ್ನು. ಹೊಸ ಸಾಧನಗಳು ಬಂದಿವೆ, ಆದರೆ ಕೈಯಲ್ಲಿರುವುದರಲ್ಲೇ ಕ್ಯಾಮೆರಾ ಇಟ್ಟ ಈ ಉಪಾಯ ಗುರಿಯ ಆಟಕ್ಕೆ ಈಗಲೂ ಹೇಳಿ ಮಾಡಿಸಿದಂತಿದೆ. ರಿಮೋಟಿನ ಮೂತಿಯ ಕಪ್ಪು ಕಿಟಕಿಯ ಹಿಂದೆ ಇನ್‌ಫ್ರಾರೆಡ್ ಬೆಳಕನ್ನು ಮಾತ್ರ ನೋಡುವ ಪುಟ್ಟ ಕ್ಯಾಮೆರಾ ಉಂಟು. ಅದು ಒಮ್ಮೆಗೆ 4 ಬೆಳಕಿನ ಚುಕ್ಕೆಗಳ ಜಾಗವನ್ನು 1024×768ರ ಲೆಕ್ಕದಲ್ಲಿ ಹೇಳುತ್ತದೆ. ಟಿವಿಯ ಬಳಿ ಇಡುವ ಸೆನ್ಸರ್ ಬಾರ್ ಹೆಸರಿಗೆ ಮಾತ್ರ ಸೆನ್ಸರ್. ಅದು ಏನನ್ನೂ ಗ್ರಹಿಸುವುದಿಲ್ಲ, ಎರಡು ತುದಿಗಳಲ್ಲಿ ಕಣ್ಣಿಗೆ ಕಾಣದ ದೀಪಗಳಿವೆ ಅಷ್ಟೆ. ತಂತಿಯಲ್ಲಿ ಡೇಟಾ ಹೋಗುವುದಿಲ್ಲ, ಕರೆಂಟು ಮಾತ್ರ.

ಇದು ತಲೆಯಲ್ಲಿ ಕೂತರೆ ಉಳಿದದ್ದು ಸುಲಭ. ರಿಮೋಟಿಗೆ ಟಿವಿ ಎಲ್ಲಿದೆ, ಎಷ್ಟು ದೊಡ್ಡದು ಎಂಬುದು ಗೊತ್ತೇ ಇಲ್ಲ. ನಳಿಗೆಗೂ, ಅಂದರೆ ರಿಮೋಟಿನ ಮೂತಿಗೂ, ಆ ಎರಡು ದೀಪಗಳಿಗೂ ನಡುವಿನ ಕೋನ ಮಾತ್ರ ಗೊತ್ತು. ಆಟ ಆ ಕೋನವನ್ನು ಪರದೆಗೆ ಹಂಚುತ್ತದೆ. ಆದ್ದರಿಂದ ನಳಿಗೆ ತೋರಿಸಿದಲ್ಲೇ ಗುಂಡು ಬೀಳುವ ದೂರ ಒಂದೇ ಒಂದು. ಒಂದಡಿ ಮುಂದೆ ಬಂದರೆ ಪರದೆಯ ಮೇಲಿನ ಗುರಿಯ ಗುರುತು, ಅಂದರೆ ಕರ್ಸರ್, ನಳಿಗೆಗಿಂತ ಮುಂದೆ ಓಡುತ್ತದೆ, ಒಂದಡಿ ಹಿಂದೆ ಹೋದರೆ ಹಿಂದೆ ಬೀಳುತ್ತದೆ.

ದೂರಕ್ಕೆ ಇನ್ನೊಂದು ಮಿತಿ ಕ್ಯಾಮೆರಾದ ನೋಟದ್ದು. ಅದಕ್ಕೆ ಅಡ್ಡಲಾಗಿ ಸುಮಾರು 33 ಡಿಗ್ರಿ, ಉದ್ದುದ್ದ ಸುಮಾರು 23 ಡಿಗ್ರಿ ಮಾತ್ರ ಕಾಣುತ್ತದೆ. ಬಾರ್ ಟಿವಿಯ ಮೇಲಿದ್ದು ನೀವು ಪರದೆಯ ತಳಕ್ಕೆ ಗುರಿಯಿಟ್ಟರೆ ಬಾರ್ ಕ್ಯಾಮೆರಾದ ನೋಟದ ಮೇಲಂಚಿಗೆ ಸರಿಯುತ್ತದೆ. ಅಂಚು ದಾಟಿತೋ, ಕರ್ಸರ್ ಮಾಯ. ಲೆಕ್ಕ ಹೀಗೆ: ಪರದೆಯ ಎತ್ತರವನ್ನು 0.2ರಿಂದ ಭಾಗಿಸಿ. 32 ಇಂಚಿನ ಟಿವಿಯ ಎತ್ತರ 40 ಸೆಂ.ಮೀ., ಅಂದರೆ 2 ಮೀಟರ್ ದೂರ ಬೇಕು. 43 ಇಂಚಿಗೆ 53.5 ಸೆಂ.ಮೀ., ಅಲ್ಲಿಗೆ 2.7 ಮೀಟರ್. 55 ಇಂಚಿಗೆ ಸುಮಾರು 3.4 ಮೀಟರ್. 24 ಇಂಚಿನ ಮಾನಿಟರಿಗೆ ಒಂದೂವರೆ ಮೀಟರ್ ಸಾಕು.

ಹಳೆಯ ಹೆಂಚಿನ ಮನೆಯ ಚಾವಡಿಯಲ್ಲಿ ಈ ದೂರ ತಾನಾಗಿ ಸಿಗುತ್ತದೆ. ಮಂಗಳೂರು ಪೇಟೆಯ ಫ್ಲ್ಯಾಟಿನ 10 ಅಡಿಯ ಹಾಲ್‌ನಲ್ಲಿ ಸೋಫಾ, ಟಿವಿ ಸ್ಟ್ಯಾಂಡ್ ಕಳೆದರೆ ನಿಲ್ಲಲು ಸಿಗುವುದು 2.4 ಮೀಟರ್. ನನ್ನದು 43 ಇಂಚು, 2.4 ಮೀಟರ್. ಬಾರ್ ಟಿವಿಯ ತಲೆಯ ಮೇಲಿದ್ದಾಗ ಪರದೆಯ ತಳದ ಸುಮಾರು 7 ಸೆಂ.ಮೀ. ಪಟ್ಟಿಯಲ್ಲಿ ಗುರಿ ಕಾಣೆಯಾಗುತ್ತಿತ್ತು, ಹತ್ತಿರ ಬಂದ ಶತ್ರುಗಳು ಕೈಚಾಚುವುದು ಸರಿಯಾಗಿ ಅಲ್ಲೇ. ಬಾರನ್ನು ಕೆಳಕ್ಕೆ ತಂದು, ಸೆಟ್ಟಿಂಗಿನಲ್ಲಿ ಬಾರ್ ಕೆಳಗಿದೆ ಎಂದು ಹೇಳಿದೆ. ಕಳೆದುಹೋಗುವ 7 ಸೆಂ.ಮೀ. ಈಗ ಮೇಲಕ್ಕೆ ಹೋಯಿತು. ಆ ಭಾಗದಲ್ಲಿ ಹೆಚ್ಚಿನ ಆಟಗಳಲ್ಲಿ ಇರುವುದು ಆಕಾಶ ಅಥವಾ ಮಾಡು. ಅದೂ ಬೇಡವೆಂದರೆ ಕಂಪ್ಯೂಟರಿನಲ್ಲಿ ಆಟವನ್ನು ಪೂರ್ಣ ಪರದೆಯ ಬದಲು ವಿಂಡೋದಲ್ಲಿ ಕಿರಿದಾಗಿಸಿ ಓಡಿಸಬೇಕು. ದೊಡ್ಡ ಟಿವಿ ಒಳ್ಳೆಯದು ಎಂಬ ಮಾತು ಈ ಆಟಕ್ಕೆ ಹೊಂದುವುದಿಲ್ಲ.

ಸರಿಯಾದ ಜಾಗ ಹುಡುಕುವುದು ಹೀಗೆ. ಎಡ ಅಂಚಿಗೆ ನಳಿಗೆ ಹಿಡಿದು ನಿಧಾನ ಬಲಕ್ಕೆ ತಿರುಗಿಸಿ. ನಳಿಗೆ ಅಂಚು ತಲುಪುವ ಮೊದಲೇ ಕರ್ಸರ್ ತಲುಪಿದರೆ ಹಿಂದೆ ಸರಿಯಿರಿ. ಕರ್ಸರ್ ಹಿಂದುಳಿದರೆ ಮುಂದೆ ಬನ್ನಿ. ಎರಡೂ ಕೂಡಿದಲ್ಲಿ ನೆಲಕ್ಕೊಂದು ಟೇಪ್ ಅಂಟಿಸಿ ಕಾಲಿನ ಹೆಬ್ಬೆರಳು ಅಲ್ಲೇ ಇಡಿ. ಆಟದಲ್ಲಿ ಗುರಿ ಹೊಂದಿಸುವ ಕ್ಯಾಲಿಬ್ರೇಶನ್ ಇದ್ದರೆ ಈ ಗೆರೆಯ ಮೇಲೆ ನಿಂತು ಮಾಡಿ. ಸೋಫಾದಲ್ಲಿ ಕೂತು ಮಾಡಿದ ಕ್ಯಾಲಿಬ್ರೇಶನ್ ಎದ್ದು ನಿಂತಾಗ ಸುಳ್ಳಾಗುತ್ತದೆ.

ಬಾರ್ ಕೊಳ್ಳಲೂಬಹುದು, ಮಾಡಲೂಬಹುದು. ಮಾಡಲು 940 ನ್ಯಾನೋಮೀಟರಿನ 5 ಮಿ.ಮೀ. ಇನ್‌ಫ್ರಾರೆಡ್ ಎಲ್‌ಇಡಿ 6 ಬೇಕು. ಮನೆಯಲ್ಲಿ ಸತ್ತುಬಿದ್ದಿರುವ ಟಿವಿ, ಸೆಟ್‌ಟಾಪ್ ಬಾಕ್ಸ್ ರಿಮೋಟುಗಳ ಮೂತಿಯಲ್ಲಿರುವುದೂ ಇದೇ ಜಾತಿ. ಒಂದು ತುದಿಗೆ 3 ಎಲ್‌ಇಡಿಗಳನ್ನು ಸರಣಿಯಲ್ಲಿ ಸೇರಿಸಿ, ಜೊತೆಗೆ 27 ಓಮ್‌ನ ಕಾಲು ವಾಟ್ ರೆಸಿಸ್ಟರ್ ಒಂದು. ಎಲ್‌ಇಡಿ ಒಂದಕ್ಕೆ ಸುಮಾರು 1.25 ವೋಲ್ಟ್ ಹೋದರೆ ಯುಎಸ್‌ಬಿಯ 5 ವೋಲ್ಟಿನಲ್ಲಿ ಉಳಿಯುವುದು 1.25, ಹರಿಯುವುದು 46 ಮಿಲಿಆಂಪ್. ಇನ್ನೊಂದು ತುದಿಗೂ ಹೀಗೇ ಮಾಡಿ, ಎರಡು ಗುಂಪುಗಳನ್ನು 20 ಸೆಂ.ಮೀ. ಅಂತರದಲ್ಲಿಟ್ಟು ಎರಡನ್ನೂ ಒಂದೇ ಯುಎಸ್‌ಬಿ ತಂತಿಗೆ ಸಮಾಂತರವಾಗಿ ಕೊಡಿ. ರೆಸಿಸ್ಟರ್ ಇಲ್ಲದೆ ನೇರ ಕೊಟ್ಟರೆ ಎಲ್‌ಇಡಿ ಸುಡುತ್ತದೆ, ಸುಟ್ಟದ್ದು ಕಣ್ಣಿಗೆ ಗೊತ್ತಾಗುವುದೂ ಇಲ್ಲ. ಹಳೆಯ ರಿಮೋಟಿನಿಂದ ತೆಗೆದದ್ದರ ಕಾಲುಗಳು ಕತ್ತರಿಸಿರುವುದರಿಂದ ಉದ್ದ ನೋಡಿ ಪ್ಲಸ್ ಗುರುತಿಸಲಾಗದು. ಒಳಗಿನ ಬಟ್ಟಲಿನ ಗುರುತೂ ಇನ್‌ಫ್ರಾರೆಡ್ ಎಲ್‌ಇಡಿಗಳಲ್ಲಿ ಎಷ್ಟೋ ಸಲ ತಿರುಗಿರುತ್ತದೆ. ಮಲ್ಟಿಮೀಟರಿನ ಡಯೋಡ್ ಪರೀಕ್ಷೆಯಲ್ಲಿ ಸುಮಾರು 1 ವೋಲ್ಟ್ ತೋರಿಸಿದಾಗ ಕೆಂಪು ಕಡ್ಡಿ ಮುಟ್ಟಿರುವ ಕಾಲೇ ಪ್ಲಸ್. ಮೂರರಲ್ಲಿ ಒಂದನ್ನು ನೇರಕ್ಕೆ, ಉಳಿದೆರಡನ್ನು ತುಸು ಎಡಕ್ಕೆ ಮತ್ತು ಬಲಕ್ಕೆ ಬಾಗಿಸಿ. ಎಲ್ಲವನ್ನೂ ನೇರಕ್ಕೆ ಇಟ್ಟರೆ ಬದಿಯಲ್ಲಿ ನಿಂತವರಿಗೆ ದೀಪ ಮಂಕಾಗುತ್ತದೆ. ಉರಿಯುತ್ತಿದೆಯೇ ಎಂದು ಫೋನಿನ ಮುಂದಿನ ಕ್ಯಾಮೆರಾದಲ್ಲಿ ನೋಡಿ, ನೇರಳೆ ಬಣ್ಣದಲ್ಲಿ ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಫಿಲ್ಟರ್ ಗಟ್ಟಿಯಿದ್ದು ಕಾಣದೇ ಹೋಗಬಹುದು.

ಬಾರಿಗೆ ಕರೆಂಟು ಟಿವಿಯ ಯುಎಸ್‌ಬಿಯಿಂದಲೇ ಕೊಡುವುದು ಒಳ್ಳೆಯದು. ಪವರ್ ಬ್ಯಾಂಕಿಗೆ ಸಿಕ್ಕಿಸಿದರೆ 92 ಮಿಲಿಆಂಪ್ ಅದಕ್ಕೆ ಲೆಕ್ಕಕ್ಕೇ ಬಾರದೆ, ಫೋನ್ ಚಾರ್ಜ್ ಆಗಿ ಮುಗಿಯಿತೆಂದು ತಾನೇ ಆಫ್ ಆಗುವುದುಂಟು. ಆಟದ ನಡುವೆ ಕರ್ಸರ್ ಪೂರ್ತಿ ಕಾಣೆಯಾದರೆ ಮೊದಲು ಇದನ್ನು ನೋಡಿ.

ಕರ್ಸರ್ ಕಾಣೆಯಾಗದೆ ನಡುಗಿದರೆ, ಜಿಗಿದರೆ, ಓರೆಯಾದರೆ ಬೇರೆ ಕಾರಣ: ಕ್ಯಾಮೆರಾಕ್ಕೆ ಮೂರನೆಯ ಚುಕ್ಕೆ ಕಾಣುತ್ತಿದೆ. ಮೂರರಲ್ಲಿ ಯಾವ ಎರಡು ನಿಜ ಎಂದು ಅದಕ್ಕೆ ಗೊಂದಲ. ನಮ್ಮ ಕರಾವಳಿಯ ಮನೆಗಳಲ್ಲಿ ಮೂರನೆಯ ಚುಕ್ಕೆಗೆ ಬರವಿಲ್ಲ. ಪಡುವಣ ಗೋಡೆಗೆ ಟಿವಿ, ಪಕ್ಕದಲ್ಲಿ ಕಿಟಕಿ ಇದ್ದರೆ ಸಂಜೆ 4ರ ನಂತರ ಕಡಲ ಕಡೆಯ ಬಿಸಿಲು ನೇರ ನಳಿಗೆಗೆ. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಯಥೇಚ್ಛ, ಕಿಟಕಿಯ ತೆಳು ಪರದೆ ಅದನ್ನು ತಡೆಯುವುದಿಲ್ಲ, ದಪ್ಪ ಬಟ್ಟೆಯೇ ಬೇಕು. ಹೆಂಚಿನ ಮಾಡಿನಲ್ಲಿ ಒಂದು ಗಾಜಿನ ಹೆಂಚಿದ್ದರೆ ಸಾಕು, ಅದರಿಂದಿಳಿದ ಬಿಸಿಲಿನ ತುಂಡು ಗೋಡೆಯ ಮೇಲೆ ಹರಿದಾಡುತ್ತಾ ಟಿವಿಯ ಬದಿಗೆ ಬರುತ್ತದೆ. ಅರ್ಧ ಗಂಟೆ ಆಟ ಕೆಡುತ್ತದೆ, ಮತ್ತೆ ತಾನೇ ಸರಿಯಾಗುತ್ತದೆ. ರಿಮೋಟ್ ಕೈಕೊಟ್ಟಿತೆಂದು ತಿಳಿಯುವುದು ಇಂಥಲ್ಲೇ.

ಇನ್ನೊಂದು, ದೇವರ ದೀಪ. ಎಣ್ಣೆಯ ಉರಿ ಒಳ್ಳೆಯ ಇನ್‌ಫ್ರಾರೆಡ್ ದೀಪ. ಮುಸ್ಸಂಜೆಗೆ ಹಚ್ಚಿದ ದೀಪ ಟಿವಿಯ ಪಕ್ಕದ ದೇವರ ಕೋಣೆಯ ಬಾಗಿಲಿನಿಂದ ಕಾಣುವಂತಿದ್ದರೆ ಆ ಬಾಗಿಲನ್ನು ಓರೆ ಮಾಡಬೇಕು. ಇದೇ ಗುಣ ಪರೀಕ್ಷೆಗೂ ಒದಗುತ್ತದೆ. ಬಾರ್ ಹಾಳೋ ರಿಮೋಟ್ ಹಾಳೋ ಎಂದು ತಿಳಿಯದಾಗ ಬಾರ್ ತೆಗೆದು, ಟಿವಿಯಿಂದ ಒಂದು ಮಾರು ದೂರ ಸ್ಟೂಲಿನ ಮೇಲೆ 20 ಸೆಂ.ಮೀ. ಅಂತರದಲ್ಲಿ ಎರಡು ಹಣತೆ ಹಚ್ಚಿ, ಫ್ಯಾನ್ ನಿಲ್ಲಿಸಿ, ರಿಮೋಟನ್ನು ಅವುಗಳ ಕಡೆ ಹಿಡಿಯಿರಿ. ಕರ್ಸರ್ ಬಂದರೆ ರಿಮೋಟಿನ ಕಣ್ಣು ಸರಿಯಿದೆ, ಕೆಟ್ಟದ್ದು ಬಾರ್.

ಬಾರ್ ಕೆಳಗಿಟ್ಟಾಗ ಹೊಸ ತೊಂದರೆಯೊಂದು ಬರುತ್ತದೆ: ಸ್ಟ್ಯಾಂಡಿನ ಗ್ರಾನೈಟ್, ಗಾಜು, ಅಥವಾ ತಿಕ್ಕಿ ಮಿರುಗುವ ರೆಡ್ ಆಕ್ಸೈಡ್ ನೆಲದಲ್ಲಿ ದೀಪಗಳ ಪ್ರತಿಬಿಂಬ. ಎರಡು ಚುಕ್ಕೆ ನಾಲ್ಕಾಗುತ್ತದೆ. ಬಾರಿನ ಮುಂದೆ ಒಂದು ಗೇಣು ಅಗಲದ ಮಂದವಾದ ಕಪ್ಪು ಬಟ್ಟೆ ಹಾಸಿದರೆ ಮುಗಿಯಿತು. ಆಮೇಲೂ ನಡುಗಿದರೆ ಸೆನ್ಸಿಟಿವಿಟಿಯನ್ನು ಅದರ 5 ಮಟ್ಟಗಳಲ್ಲಿ ಒಂದೊಂದೇ ಇಳಿಸಿ. ವೀ ಯಂತ್ರದ ಸೆನ್ಸಿಟಿವಿಟಿ ಪುಟದಲ್ಲಿ ಕ್ಯಾಮೆರಾಕ್ಕೆ ಕಾಣುವ ಚುಕ್ಕೆಗಳೇ ಕಾಣುತ್ತವೆ, ಅಲ್ಲಿ ಸರಿಯಾಗಿ ಎರಡು ಇರಬೇಕು.

ಕಂಪ್ಯೂಟರಿನಲ್ಲಿ ಆಡುವುದಾದರೆ ನಿಮ್ಮದೇ ಡಿಸ್ಕುಗಳಿಂದ ತೆಗೆದ ವೀ ಆಟಗಳನ್ನು ವೀ ಯಂತ್ರವನ್ನು ಅನುಕರಿಸುವ ತಂತ್ರಾಂಶವಾದ ಡಾಲ್ಫಿನ್ ಎಮ್ಯುಲೇಟರ್ ಓಡಿಸುತ್ತದೆ. ರಿಮೋಟಿನ ಬ್ಯಾಟರಿ ಮುಚ್ಚಳದೊಳಗಿನ ಕೆಂಪು ಸಿಂಕ್ ಗುಂಡಿ ಒತ್ತಿ ಬ್ಲೂಟೂತ್‌ಗೆ ಸೇರಿಸಬಹುದು, ಆದರೆ ಎಲ್ಲ ಬ್ಲೂಟೂತ್ ಅಡಾಪ್ಟರುಗಳೂ ಒಪ್ಪುವುದಿಲ್ಲ. ತಿರುಗುವಿಕೆ ಅಳೆಯುವ ಮೋಷನ್ ಪ್ಲಸ್ ಒಳಗೇ ಇರುವ ಹೊಸ ಮಾದರಿಯ ರಿಮೋಟುಗಳ ಹಟ ಇನ್ನೂ ಹೆಚ್ಚು. ಮೇಫ್ಲ್ಯಾಶ್‌ನ ಡಾಲ್ಫಿನ್‌ಬಾರ್ ತೆಗೆದುಕೊಂಡರೆ ಬಾರ್, ಬ್ಲೂಟೂತ್ ಎರಡೂ ಒಂದರಲ್ಲೇ. ಡಾಲ್ಫಿನ್ ಎಮ್ಯುಲೇಟರಿಗೆ ಅದನ್ನು 4ನೇ ಮೋಡ್‌ನಲ್ಲಿಟ್ಟು, ಎಮ್ಯುಲೇಟರಿನಲ್ಲಿ ನಿಜವಾದ ವೀ ರಿಮೋಟ್ ಎಂದು ಆರಿಸಿ. ಮೇಮ್ ಎಂಬ ಇನ್ನೊಂದು ಎಮ್ಯುಲೇಟರಿನಲ್ಲಿ ಆರ್ಕೇಡ್ ಆಟಗಳಿಗೆ ಮೌಸ್ ಆಗಿ ವರ್ತಿಸುವ ಮೋಡ್ ಬೇಕು. ಪರದೆಯ ಹೊರಗೆ ಗುಂಡು ಹಾರಿಸಿ ಮದ್ದು ತುಂಬುವ ಆಟಗಳಲ್ಲಿ ಮೌಸ್ ಹೊರಗೆ ಹೋಗಲಾರದು. ಅದಕ್ಕೆ ಮೇಮ್‌ನ ಸೆಟ್ಟಿಂಗ್ ಫೈಲಿನಲ್ಲಿ ಆಫ್‌ಸ್ಕ್ರೀನ್ ರೀಲೋಡ್ ಎಂಬ ಸಾಲನ್ನು 1 ಮಾಡಿ, ಎರಡನೆಯ ಗುಂಡಿ ಆ ಕೆಲಸ ಮಾಡುತ್ತದೆ.

ಟಿವಿಯಲ್ಲಿ ಗೇಮ್ ಮೋಡ್ ಹಾಕಲೇಬೇಕು, ಮೋಷನ್ ನಯಗೊಳಿಸುವ ಸೆಟ್ಟಿಂಗ್ ತೆಗೆಯಬೇಕು. ಇಲ್ಲದಿದ್ದರೆ ನೀವು ನೋಡುವ ಶತ್ರು ಆಗಲೇ ಮುಂದೆ ಹೋಗಿರುತ್ತಾನೆ.

ನಿಂಟೆಂಡೊ ಸ್ವಿಚ್‌ನ ಕಂಟ್ರೋಲರಾದ ಜಾಯ್‌ಕಾನ್‌ನ ಗೈರೊದಿಂದ, ಅಂದರೆ ತಿರುಗುವಿಕೆಯನ್ನು ಅಳೆಯುವ ಸೆನ್ಸರಿನಿಂದ, ಗುರಿ ಹಿಡಿಯುವ ಆಟಗಳಿಗೆ ಬಾರ್ ಬೇಡ, ಬಿಸಿಲಿನ ಕಾಟವಿಲ್ಲ. ಆದರೆ ಗೈರೊ ತಿರುಗಿದ್ದನ್ನು ಕೂಡಿಸುತ್ತಾ ಹೋಗುವುದರಿಂದ ಸ್ವಲ್ಪ ಸ್ವಲ್ಪವೇ ಜಾರುತ್ತದೆ, ಆಗಾಗ ನಡುವಿಗೆ ತರುವ ಗುಂಡಿ ಒತ್ತಬೇಕು. 2010ರ ಪ್ಲೇಸ್ಟೇಷನ್ ಮೂವ್‌ನಲ್ಲಿ ಕ್ಯಾಮೆರಾ ಟಿವಿಯ ಬಳಿ, ಬಣ್ಣದ ಉರುಟು ದೀಪ ಕೈಯಲ್ಲಿ. ಒಳ್ಳೆಯದೇ, ಆದರೆ ಹಿಂದಿನ ಗೋಡೆಯ ಬಣ್ಣ, ಕೋಣೆಯ ಬೆಳಕು ನೋಡಿಕೊಳ್ಳಬೇಕು. ಎಲ್ಲಿ ನಿಂತರೂ ನಳಿಗೆಯ ಗೆರೆಯಲ್ಲೇ ಗುಂಡು ಬೀಳಬೇಕೆಂದರೆ ಎರಡಲ್ಲ, ನಾಲ್ಕು ಚುಕ್ಕೆ ಬೇಕು: ಟಿವಿಯ ಮೇಲೊಂದು, ಕೆಳಗೊಂದು ಬಾರ್. ನಾಲ್ಕು ಚುಕ್ಕೆಗಳ ಆಕಾರ ಹೇಗೆ ಓರೆಯಾಗಿ ಕಾಣುತ್ತದೆ ಎಂಬುದರಿಂದ ನಿಂತ ಜಾಗವೂ ತಿಳಿಯುತ್ತದೆ. ಆರ್ಡುಯಿನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡು ಮತ್ತು ಇದೇ ಜಾತಿಯ ಕ್ಯಾಮೆರಾ ಬಳಸಿದ ಸ್ಯಾಮ್ಕೊ ಎಂಬ ಮುಕ್ತ ವಿನ್ಯಾಸ ಹೀಗೆ ಮಾಡುತ್ತದೆ. ವೀ ಆಟಗಳಿಗೆ ಮಾತ್ರ ಈ ಲೆಕ್ಕ ಗೊತ್ತಿಲ್ಲ, ಇದು ಕಂಪ್ಯೂಟರಿನವರಿಗೆ. 33 ಡಿಗ್ರಿಯ ಮಿತಿಯಿಂದ ಇಲ್ಲೂ ಬಿಡುಗಡೆಯಿಲ್ಲ.

ಮಳೆಗಾಲಕ್ಕೆ ಬೇರೆಯೇ ಆರೈಕೆ. ಕಡಲ ಗಾಳಿಯ ಉಪ್ಪು, ಆಟಿ ತಿಂಗಳ ತೇವ ಸೇರಿ ಬ್ಯಾಟರಿಯ ಸ್ಪ್ರಿಂಗಿನಲ್ಲಿ ಹಸಿರು ಪುಡಿ ಕಟ್ಟುತ್ತದೆ. ರಿಮೋಟ್ ಗುಂಡು ಹಾರುವಾಗಿನ ಕಂಪನಕ್ಕೇ ಆಫ್ ಆದರೆ ಕಾರಣ ಅದೇ: ಕಂಪನದ ಮೋಟಾರು ಒಮ್ಮೆಲೇ ಕರೆಂಟು ಎಳೆದಾಗ ಕೊಳೆತ ತುದಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಹತ್ತಿ ಕಡ್ಡಿಗೆ ವಿನೆಗರ್ ಹಚ್ಚಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಬ್ಯಾಟರಿ ಹಾಕಿ. 1.2 ವೋಲ್ಟಿನ ರೀಚಾರ್ಜ್ ಬ್ಯಾಟರಿ ಧಾರಾಳ ನಡೆಯುತ್ತದೆ, ಸೂಚಕ ಒಂದು ಕಡ್ಡಿ ಕಡಿಮೆ ತೋರಿಸಿದರೆ ಹೆದರಬೇಡಿ. ರಿಮೋಟಿನ ಅಡಿಯ ಬಿ ಟ್ರಿಗರ್ ಅಂಟಿದಂತಾದರೆ ಅದೂ ತೇವದ ಧೂಳು, ಅದೇ ಆಲ್ಕೊಹಾಲು ಸಾಕು. ವಾರಗಟ್ಟಲೆ ಆಡದಿದ್ದರೆ ಬ್ಯಾಟರಿ ತೆಗೆದು, ರಿಮೋಟನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ. ಮೂತಿಯ ಕಪ್ಪು ಕಿಟಕಿಗೆ ಒಳಗಿನಿಂದ ಮಂಜು ಕಟ್ಟಿದರೆ ದೂರದ ದೀಪ ಚುಕ್ಕೆಯಾಗಿ ಕಾಣದೆ ಮಸುಕಾಗುತ್ತದೆ, ಡಬ್ಬಿಯಲ್ಲಿ ಒಂದು ದಿನ ಇಟ್ಟರೆ ಆರುತ್ತದೆ.

ಇಬ್ಬರು ಆಡುವಾಗ ಒಂದೇ ಬಾರ್ ಸಾಕು, ದೀಪವನ್ನು ಎಷ್ಟು ಕ್ಯಾಮೆರಾಗಳು ಬೇಕಾದರೂ ನೋಡಬಹುದು. ಟೇಪಿನ ಗೆರೆಯ ಮೇಲೆ ಟಿವಿಯ ನಡುವಿನಿಂದ ಎಡಕ್ಕೆ 40 ಸೆಂ.ಮೀ., ಬಲಕ್ಕೆ 40 ಸೆಂ.ಮೀ. ಗುರುತು ಮಾಡಿ, ಇಬ್ಬರೂ ತಮ್ಮ ತಮ್ಮ ಗುರುತಿನಲ್ಲಿ ನಿಂತೇ ಕ್ಯಾಲಿಬ್ರೇಶನ್ ಮಾಡಿ. ನಡುವೆ ಜಾಗ ಬದಲಿಸಿಕೊಂಡರೆ ಇಬ್ಬರ ಗುರಿಯೂ ತಪ್ಪುತ್ತದೆ.