ಜಾಕ್ಸನ್ ಹೈಟ್ಸ್‌ನಲ್ಲಿ ಕಾರಿಲ್ದೆ ಖುಷಿಯಾಗಿರೋದು ಹೇಗೆ

ನ್ಯೂಯಾರ್ಕಿಗೆ ಬಂದು ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ನಲ್ಲಿ ಮನೆ ಮಾಡಿದ್ರೆ ಕಾರಿನ ಯೋಚ್ನೆ ಬಿಟ್ಬಿಡಿ, ಒಳ್ಳೆ ಶೂ ತಗೊಳ್ಳಿ. ಬೆಳಿಗ್ಗೆ 34ನೇ ಅವೆನ್ಯೂಗೆ ಹೋಗಿ, 2020ರಿಂದ ಅಲ್ಲಿ 26 ಬ್ಲಾಕ್ ಉದ್ದಕ್ಕೂ ಹಗಲೊತ್ತು ಗಾಡಿ ಓಡಾಟ ತುಂಬಾ ಕಮ್ಮಿ, ಮಕ್ಳು ರೋಡ್ ಮಧ್ಯದಲ್ಲೇ ಸೈಕಲ್ ಕಲೀತಿರ್ತಾರೆ. ದಿನಾ ಒಂದೇ ಟೈಮಿಗೆ ಹೋದ್ರೆ ಮುಖ ಪರಿಚಯ ಆಗತ್ತೆ, ನಂಗೆ ಆಗಿದ್ದೂ ಹಾಗೇ. ತಿಂಗಳ ಸಾಮಾನು ಒಟ್ಟಿಗೆ ತರ್ಬೇಡಿ, ದಿನಾ ಒಂದು ಚೀಲ ಸಾಕು, 74ನೇ ಸ್ಟ್ರೀಟಲ್ಲಿ ಕರಿಬೇವು ಸಿಗತ್ತೆ, ಎಲೆ ಉಜ್ಜಿ ಮೂಸಿ ನೋಡಿ, ಘಮ ಬರ್ದಿದ್ರೆ ಬೇಡ. ಭಾನುವಾರ ಟ್ರಾವರ್ಸ್ ಪಾರ್ಕ್ ಹತ್ರ ರೈತರ ಸಂತೆ. ಮನೆ ನೆನಪಾಗಿ ಬೇಜಾರಾದ್ರೆ ರೂಸ್‌ವೆಲ್ಟ್ ಅವೆನ್ಯೂಗೆ ಇಳೀರಿ, 7 ನಂಬರ್ ಟ್ರೇನು ತಲೆ ಮೇಲೆ ಗಡಗಡ ಅಂತಿರತ್ತೆ, ಕೈಯಲ್ಲಿ ಬಿಸಿ ಬಿಸಿ ಮೋಮೋ ಇರತ್ತೆ.